ಆ ರಾತ್ರಿ ಕಟ್ಟೆ ಮೇಲೆ ನಾವು ಜಗಳಾಡಿದ್ದು ಯಾವುದಕ್ಕೆ

ಜಾತ್ರೆಯ ರಾತ್ರಿ ನಮ್ಮ ಊರಿನ ಮಾರುತಿ ಗುಡಿ ಕಟ್ಟೆ ಮೇಲೆ ನಾವು ನಾಲ್ಕು ಜನ ಕೂತು ಒಂದು ಗಂಟೆ ಕೂಗಾಡಿದ್ದನ್ನು ನೀವು ನೋಡಿದಿರಿ. ಅರ್ಧ ಕನ್ನಡ, ಅರ್ಧ ಮರಾಠಿ. ಹೊಲದ ಬದುವಿನ ತಕರಾರು ಇರಬೇಕು ಅಂದುಕೊಂಡೆ ಅಂತ ಮರುದಿನ ಹೇಳಿದಿರಿ. ನಿಮಗೆ ಬಸ್ಸಿನ ಹೊತ್ತಾಗಿತ್ತು, ಪೂರ್ತಿ ಉತ್ತರ ಕೊಡಲು ಆಗಲಿಲ್ಲ. ಅದು ಹೊಲದ ಮಾತಲ್ಲ. 2003ರಲ್ಲಿ, ನಾವು ಹತ್ತನೇ ಕ್ಲಾಸಿನಲ್ಲಿದ್ದಾಗ ಹಿಡಿದ ಎರಡು ಕುಸ್ತಿಯ ಮಾತು.

ನಿಮ್ಮ ಮೈಸೂರಿನಲ್ಲೂ ಗರಡಿಮನೆಗಳಿವೆ, ದಸರಾ ಕುಸ್ತಿ ಇದೆ. ಹಾಗಾಗಿ ಕುಸ್ತಿ ಅಂದರೇನು ಅಂತ ನಿಮಗೆ ಹೇಳಿಕೊಡಬೇಕಿಲ್ಲ. ಆದರೆ ಚಿಕ್ಕೋಡಿ ತಾಲೂಕಿನ ಈ ಹೊಳೆ ದಂಡೆಯ ಊರುಗಳಲ್ಲಿ ಒಬ್ಬ ಹುಡುಗ ಎರಡು ಥರದ ಕುಸ್ತಿ ಕಲಿಯುತ್ತಿದ್ದ. ಒಂದು ಶಾಲೆಯ ಕುಸ್ತಿ, ಮ್ಯಾಟ್ ಮೇಲೆ. ಇನ್ನೊಂದು ಜಾತ್ರೆಯ ಕುಸ್ತಿ, ಮಣ್ಣಿನಲ್ಲಿ. ಮ್ಯಾಟಿನದು ಸರ್ಟಿಫಿಕೇಟಿಗೆ, ಕರ್ನಾಟಕದ ಹೆಸರಿನಲ್ಲಿ. ಮಣ್ಣಿನದು ಇನಾಮಿಗೆ, ಅದಕ್ಕೆ ಯಾವ ರಾಜ್ಯವೂ ಇಲ್ಲ. ಹೊಳೆಯ ಈ ಕಡೆ ಜಾತ್ರೆ ಇದ್ದರೂ ಹೋಗುತ್ತಿದ್ದೆವು, ಆ ಕಡೆ ಇದ್ದರೂ ಹೋಗುತ್ತಿದ್ದೆವು.

ಕಟ್ಟೆ ಮೇಲಿದ್ದವರು ಯಾರು ಅಂತ ಹೇಳಿಬಿಡುತ್ತೇನೆ. ನಮ್ಮಲ್ಲಿ ಪೈಲ್ವಾನನನ್ನು ಊರಿನ ಹೆಸರು ಹಿಡಿದೇ ಕರೆಯೋದು. ಒಬ್ಬ ಸದಲಗಾದವನು, ಈಗ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾನೆ. ಒಬ್ಬ ಬೋರಗಾಂವದವನು, ಪೊಲೀಸ್ ಆಗಿದ್ದಾನೆ. ಬಿಳಿ ಟೋಪಿ ಹಾಕಿಕೊಂಡು ಕೂತಿದ್ದವನು ಕುರುಂದವಾಡದವನು, ಮಹಾರಾಷ್ಟ್ರದ ಶಿರೋಳ ತಾಲೂಕು. ನಾಲ್ಕನೆಯವನು ನಾನು. 1956ರಲ್ಲಿ ರಾಜ್ಯಗಳನ್ನು ಹೊಸದಾಗಿ ಮಾಡಿದಾಗ ಬೆಳಗಾವಿ ಜಿಲ್ಲೆ ಈ ಕಡೆ ಬಂತು, ಅದರದ್ದೇ ಚಂದಗಡ ತಾಲೂಕು ಆ ಕಡೆ ಹೋಯಿತು. ಅಂದಿನಿಂದ ಈ ಗೆರೆಯ ಬಗ್ಗೆ ಮಾತು ನಿಂತಿಲ್ಲ. ಗಲಾಟೆ ಎದ್ದರೆ ಮೊದಲು ಬಸ್ ನಿಲ್ಲುತ್ತವೆ. ಅಂಥ ಒಂದು ವಾರದಲ್ಲೇ ಕುರುಂದವಾಡದವನು ಸೈಕಲ್ ತುಳಿದುಕೊಂಡು ನಮ್ಮ ತಾಲೀಮಿಗೆ ಬಂದಿದ್ದ. ವಸ್ತಾದರು ಅವನಿಗೆ ಕೇಳಿದ್ದು ಒಂದೇ ಮಾತು: "ಊಟ ಆಗೇತೇನಪಾ?"

ತಾಲೀಮು ಅಂದರೆ ನಿಮ್ಮ ಗರಡಿಮನೆ. ಗರಡಿ ಅಂದರೂ ನಮ್ಮಲ್ಲಿ ತಿಳಿಯುತ್ತದೆ, ಆದರೆ ಬಾಯಿಗೆ ಬರೋದು ತಾಲೀಮು. ಹೇಳಿಕೊಡುವವರು ವಸ್ತಾದ್. ನಾವೆಲ್ಲ ಅವರಿಗೆ ಕಾಕಾ ಅನ್ನುತ್ತಿದ್ದೆವು. ಬೆಳಗ್ಗೆ ನಾಲ್ಕೂವರೆಗೆ ಅವರು ಬಾಗಿಲಿಗೆ ಬಂದು ಕೋಲಿನಿಂದ ಒಂದೇ ಸಲ ಬಡಿಯುತ್ತಿದ್ದರು. ಎರಡನೇ ಸಲ ಬಡಿಯುತ್ತಿರಲಿಲ್ಲ. ಎದ್ದು ಬಂದವನು ಬಂದ, ಇಲ್ಲದವನು ಅವತ್ತಿನ ಮಟ್ಟಿಗೆ ಇಲ್ಲ.

ಮಣ್ಣಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನೀವು ಅದನ್ನು ಕೈಯಲ್ಲಿ ಹಿಡಿದು ಮೂಸಿ ನೋಡಿದ್ದಿರಿ. ನಮ್ಮದು ಕರಿ ಮಣ್ಣಿನ ಸೀಮೆ, ಕಬ್ಬು ಬೆಳೆಯೋ ನೆಲ. ಅದರಲ್ಲಿ ಕುಸ್ತಿ ಆಗುವುದಿಲ್ಲ. ಒದ್ದೆಯಾದರೆ ಅಂಟುತ್ತದೆ, ಒಣಗಿದರೆ ಹೆಂಟೆಯಾಗಿ ಮೊಣಕೈ ಸುಲಿಯುತ್ತದೆ. ಹಾಗಾಗಿ ಕೆಂಪು ಮಣ್ಣು ಹೊರಗಿನಿಂದ ಬರಬೇಕು. ಬಂದ ಮೇಲೆ ಜರಡಿ ಹಿಡಿಯಬೇಕು. ಒಂದು ಸಣ್ಣ ಕಲ್ಲು ಉಳಿದರೂ ಯಾರದೋ ಬೆನ್ನಿಗೆ ಗಾಯ. ಆಮೇಲೆ ಅರಿಶಿನ, ಮಜ್ಜಿಗೆ, ಲಿಂಬೆಹಣ್ಣಿನ ರಸ, ಎಣ್ಣೆ, ಕರ್ಪೂರ ಎಲ್ಲ ಹಾಕಿ ಸನಿಕೆಯಿಂದ ದಿನಾ ಅಗೆದು ತಿರುವಿ ಹಾಕಬೇಕು. ಈ ಅಗೆಯೋ ಕೆಲಸವೇ ಅರ್ಧ ಸಾಮು. ಕಾಕಾ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಅದುಮುತ್ತಿದ್ದರು. ಕೈ ಬಿಚ್ಚಿದಾಗ ಮಣ್ಣು ಉಂಡೆಯಾಗಿ ನಿಲ್ಲಬೇಕು, ಬೆರಳಿನಿಂದ ಮುಟ್ಟಿದರೆ ಉದುರಬೇಕು. ಅಲ್ಲಿಯವರೆಗೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ.

ಖುರಾಕಿನ ವಿಷಯ ಕೇಳಿದರೆ, ದೊಡ್ಡ ಪೈಲ್ವಾನರು ಬಾದಾಮಿ ಅರೆದು ಥಂಡಾಯಿ ಕುಡಿಯುತ್ತಾರೆ. ನಮ್ಮ ಮನೆಯಲ್ಲಿ ಬಾದಾಮಿ ಎಲ್ಲಿಂದ ಬರಬೇಕು? ಅವ್ವ ರಾತ್ರಿ ಶೇಂಗಾ, ಕಡಲೆ ನೆನೆಸಿಡುತ್ತಿದ್ದಳು. ಒಂದು ತಂಬಿಗೆ ಎಮ್ಮೆ ಹಾಲು ಕೊಡುತ್ತಿದ್ದಳು. ಆ ಹಾಲು ಡೇರಿಗೆ ಹೋಗಿದ್ದರೆ ಮನೆಗೆ ದುಡ್ಡು ಬರುತ್ತಿತ್ತು. ಅದು ನನಗೆ ಆಗಲೇ ಗೊತ್ತಿತ್ತು.

ಈಗ 2003ರ ಮಾತು. ನಮ್ಮದು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆ. ಶಾಲಾ ಕುಸ್ತಿ ತಾಲೂಕಿನಲ್ಲಿ ಶುರುವಾಗಿ ಜಿಲ್ಲೆ, ವಿಭಾಗ, ರಾಜ್ಯ ಅಂತ ಮೇಲೆ ಹೋಗುತ್ತದೆ. ನಾನು 46 ಕೆಜಿ ತೂಕದಲ್ಲಿ ಹಿಡಿಯುತ್ತಿದ್ದೆ. ಜಿಲ್ಲಾ ಕುಸ್ತಿಗೆ ಎರಡು ದಿನ ಇದೆ ಅನ್ನುವಾಗ ಪಿ.ಟಿ. ಸರ್ ನನ್ನನ್ನು ಸೊಸೈಟಿಯ ಗೊಬ್ಬರ ತೂಗೋ ಕಾಟಾ ಮೇಲೆ ನಿಲ್ಲಿಸಿದರು. 47 ಕೆಜಿ 800 ಗ್ರಾಂ. ಮೇಲಿನ ತೂಕದಲ್ಲಿ ನಮ್ಮದೇ ಶಾಲೆಯ ಇನ್ನೊಬ್ಬ ಹುಡುಗ ಇದ್ದ. ಇಳಿಸಬೇಕು, ಇಲ್ಲ ಬಿಡಬೇಕು.

ಇಳಿಸಿದೆ. ಎರಡು ಸ್ವೆಟರ್ ಹಾಕಿ ಮೇಲೆ ಅಜ್ಜನ ಕಂಬಳಿ ಹೊದ್ದು ಕಬ್ಬಿನ ಗದ್ದೆ ದಾರಿಯಲ್ಲಿ ಓಡಿದೆ. ನೀರು ಬಿಟ್ಟೆ. ಬಾಯಿ ಒಣಗಿದಾಗ ಲಿಂಬೆಹಣ್ಣು ಮೂಸಿ ನೀರೂರಿಸಿಕೊಂಡು ಅದನ್ನೂ ಉಗುಳಿದೆ. ತಲೆ ಬೋಳಿಸಿಕೊಂಡೆ. ಎರಡನೇ ರಾತ್ರಿ ನಿದ್ದೆ ಬರಲಿಲ್ಲ, ಹಿತ್ತಲಲ್ಲಿ ಎಮ್ಮೆ ನೀರು ಕುಡಿಯೋ ಸಪ್ಪಳ ಕೇಳಿಸುತ್ತಿತ್ತು. ಆ ಸಪ್ಪಳ ಈಗಲೂ ಕಿವಿಯಲ್ಲಿದೆ. ಬೆಳಗ್ಗೆ ತೂಕ ಸರಿಯಾಗಿ 46. ಇದನ್ನು ನಾನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಬೆಳೆಯೋ ಹುಡುಗನಿಗೆ ಹೀಗೆ ಮಾಡಿಸಬಾರದು. ಇವತ್ತು ನನ್ನ ತಾಲೀಮಿನ ಯಾವ ಹುಡುಗನಿಗೂ ನಾನು ಮಾಡಿಸುವುದಿಲ್ಲ, ಮೇಲಿನ ತೂಕದಲ್ಲಿ ಸೋತು ಬಂದರೂ ಸರಿ.

ಫೈನಲ್‌ನಲ್ಲಿ ಎದುರಿಗೆ ಬಂದವನು ಸದಲಗಾದವನು. ಅವನೂ ನನ್ನ ಹಾಗೇ ತೂಕ ಇಳಿಸಿ ಬಂದಿದ್ದನಂತೆ, ಅದು ಆಮೇಲೆ ಗೊತ್ತಾಯಿತು. ಒಳ್ಳೆಯ ಮ್ಯಾಟ್ ಇರಲಿಲ್ಲ. ಫೋಮ್ ಹಾಸಿ ಮೇಲೆ ತಾಡಪತ್ರಿ ಬಿಗಿದಿದ್ದರು, ಬಿಸಿಲಿಗೆ ಅಂಗಾಲು ಸುಡುತ್ತಿತ್ತು. ಸಲಾಮಿ ಆದ ಕೂಡಲೇ ಅವನ ಎಡಗೈ ನನ್ನ ಕುತ್ತಿಗೆಗೆ ಬಂತು. ಅವನದು ಯಾವಾಗಲೂ ಎಡಗೈ ಮೊದಲು. ಕಾಕಾ ನನಗೆ ಮೊದಲೇ ಹೇಳಿದ್ದರು, "ಎಡಗೈ ಬಂತಂದ್ರ ತಲಿ ಒಳಗ ಹಾಕು, ಹಿಂದ ಸರೀಬ್ಯಾಡ." ನಾನು ಹಿಂದೆ ಸರಿದೆ. ಕಾಲಲ್ಲಿ ಶಕ್ತಿಯೇ ಇರಲಿಲ್ಲ. ಮೂರು ಸಲ ನನ್ನ ಬೆನ್ನ ಹಿಂದೆ ಹೋಗಿ ಕೆಳಗೆ ಹಾಕಿದ, ಒಂದೊಂದಕ್ಕೆ ಒಂದೊಂದು ಪಾಯಿಂಟ್. ಒಮ್ಮೆ ಅವನು ಕಾಲಿಗೆ ಬಂದಾಗ ನಾನು ಹೊರಳಿಸಿ ಅವನ ಬೆನ್ನು ಮ್ಯಾಟಿಗೆ ತೋರಿಸಿ 2 ಪಾಯಿಂಟ್ ತಗೊಂಡೆ. 3-2. ಅವನು ವಿಭಾಗಕ್ಕೆ ಹೋದ, ನಾನು ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತು ಊರಿಗೆ ಬಂದೆ.

ಇದು ಜಗಳದ ಒಂದು ಭಾಗ. ಇನ್ನೊಂದು ಭಾಗ ಆ ಬೇಸಿಗೆಯಲ್ಲಿ ಹೊಳೆಯಾಚೆಯ ಒಂದು ಜಾತ್ರೆಯಲ್ಲಿ ನಡೆಯಿತು.

ಜಾತ್ರೆ ಕುಸ್ತಿಯಲ್ಲಿ ಕಾಟಾ ಇರುವುದಿಲ್ಲ. ಪಂಚರು ಇಬ್ಬರು ಹುಡುಗರನ್ನು ಪಕ್ಕಪಕ್ಕ ನಿಲ್ಲಿಸಿ ಮೈಕಟ್ಟು ನೋಡಿ ಜೋಡಿ ಹಚ್ಚುತ್ತಾರೆ. ಚಿಕ್ಕ ಹುಡುಗರದು ತೆಂಗಿನಕಾಯಿ ಮೇಲೆ ಶುರುವಾಗುತ್ತದೆ. ಹೊತ್ತು ಇಳಿದ ಹಾಗೆ ಇನಾಮು ಏರುತ್ತದೆ. ಕೊನೆಯ ಕುಸ್ತಿಗೆ ಬೆಳ್ಳಿ ಕಡಗವೋ ಗದೆಯೋ ಇರುತ್ತದೆ. ಹಲಗಿ ಬಡಿಯುವವರು ಸುತ್ತ ನಿಂತಿರುತ್ತಾರೆ. ಪಟ್ಟು ಬಿಗಿಯಾದರೆ ಹಲಗಿಯೂ ಜೋರಾಗುತ್ತದೆ. ಮಣ್ಣಿಗೆ ಪಾಯಿಂಟ್ ಗೊತ್ತಿಲ್ಲ. ಬೆನ್ನು ಹತ್ತಬೇಕು, ಚಿತ್ ಆಗಬೇಕು. ನಿಕಾಲಿ ಕುಸ್ತಿ ಅಂದರೆ ಅದೇ, ನಿಕಾಲ, ಅಂದರೆ ಸೋಲು ಗೆಲುವಿನ ತೀರ್ಮಾನ, ಆಗೋವರೆಗೆ. ತೀರಾ ಹೊತ್ತಾದರೆ ಬರಾಬರಿ ಅಂತ ಬಿಡಿಸುತ್ತಾರೆ.

ಅವತ್ತು ನಮ್ಮಿಬ್ಬರಿಗೇ ಜೋಡಿ ಹಚ್ಚಿದರು. ಹೊಟ್ಟೆ ತುಂಬ ಉಂಡಿದ್ದೆ, ನೀರು ಕುಡಿದಿದ್ದೆ. ಮತ್ತೆ ಅದೇ ಎಡಗೈ ಬಂತು. ಈ ಸಲ ತಲೆ ಒಳಗೆ ಹಾಕಿದೆ. ಹತ್ತು ನಿಮಿಷಕ್ಕೂ ಜಾಸ್ತಿ ನಡೆಯಿತು. ಕೊನೆಗೆ ಅವನು ಕೆಳಗಿದ್ದ, ನಾನು ಅವನ ಜಾಂಗ್ಯಾ, ಅಂದರೆ ಕುಸ್ತಿಯ ಚಡ್ಡಿ, ಹಿಡಿದು ಘಿಸ್ಸಾ ಅನ್ನೋ ಪಟ್ಟು ಹಾಕಿದೆ. ಚಿತ್. ಜನ ನನ್ನನ್ನು ಎತ್ತಿಕೊಂಡು ಒಂದು ಸುತ್ತು ಹಾಕಿದರು. ಕುರುಂದವಾಡದವನು ಮೊದಲು ಓಡಿಬಂದು ನನ್ನ ಕಣ್ಣಿನ ಮಣ್ಣು ಒರೆಸಿದ.

ಸದಲಗಾದವನು ಮಾತ್ರ ಆ ಕುಸ್ತಿಯನ್ನು ಒಪ್ಪುವುದಿಲ್ಲ. ಮಣ್ಣು ಆ ಮೂಲೆಯಲ್ಲಿ ಒದ್ದೆ ಇತ್ತು, ಕಾಲು ಜಾರಿತು ಅನ್ನುತ್ತಾನೆ. ಹೋಗಲಿ, ಜಿಲ್ಲೆಯ 3-2 ತಾನೇ ಎಂದರೆ ಅದಕ್ಕೂ ಹೊಸ ಲೆಕ್ಕ ತಂದಿದ್ದಾನೆ. 2013ರಲ್ಲಿ ನಿಯಮ ಬದಲಾಗಿ ಕೆಳಗೆ ಹಾಕಿದ್ದಕ್ಕೆ 2 ಪಾಯಿಂಟ್ ಆಯಿತಲ್ಲ, ಈಗಿನ ಲೆಕ್ಕದಲ್ಲಿ ಅದು 6-2 ಅಂತ. ಬೋರಗಾಂವದವನು ಅವನ ಕಡೆ, ಕುರುಂದವಾಡದವನು ನನ್ನ ಕಡೆ. ನೀವು ಕೇಳಿದ "ಆರು ಎರಡು, ಆರು ಎರಡು" ಅನ್ನೋ ಕೂಗು ಇದೇ.

ಭಾಷೆಯ ವಿಷಯ ಕೇಳಿದಿರಿ. ಡಾವುಗಳ, ಅಂದರೆ ಪಟ್ಟುಗಳ, ಹೆಸರು ಮರಾಠಿ ಹಿಂದಿಯಲ್ಲಿವೆ: ಘಿಸ್ಸಾ, ಢಾಕ, ಕಲಾಜಂಗ. ಹುರುಪು ಕೊಡೋದು ಕನ್ನಡದಲ್ಲಿ, ಬೈಗುಳ ಎರಡರಲ್ಲೂ. ಕುಸ್ತಿ ಮಾತಾಡುವಾಗ ಯಾವ ಮಾತು ಯಾವ ಭಾಷೆಯದು ಅಂತ ನಾವು ನಿಂತು ನೋಡುವುದಿಲ್ಲ. ಕಾಕಾ ಹೇಳಿಕೊಡುತ್ತಿದ್ದ ಕಥೆಗಳಿಗೂ ಗಡಿ ಇರಲಿಲ್ಲ. ಶ್ರೀಪತಿ ಖಂಚನಾಳೆ ನಮ್ಮ ಚಿಕ್ಕೋಡಿ ತಾಲೂಕಿನ ಯಕ್ಸಂಬಾದಲ್ಲಿ 1934ರಲ್ಲಿ ಹುಟ್ಟಿದವರು. ತಯಾರಾಗಿದ್ದು ಕೊಲ್ಲಾಪುರದಲ್ಲಿ. 1959ರಲ್ಲಿ ದಿಲ್ಲಿಯಲ್ಲಿ ಪಂಜಾಬಿನ ಬಂತಾ ಸಿಂಗ್ ಅವರನ್ನು ಸೋಲಿಸಿ ಹಿಂದ್ ಕೇಸರಿ, ಅಂದರೆ ದೇಶದ ದೊಡ್ಡ ಕುಸ್ತಿ ಬಿರುದು, ಗೆದ್ದರು. ಅದೇ ವರ್ಷ ಮಹಾರಾಷ್ಟ್ರ ಕೇಸರಿ ಕೂಡ. 2020ರ ಡಿಸೆಂಬರಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ಹೊಳೆಯ ಎರಡೂ ಕಡೆಯ ತಾಲೀಮುಗಳಲ್ಲಿ ಹುಡುಗರು ಸುಮ್ನೆ ಕೂತಿದ್ದರು. ಅವರು ನಮ್ಮವರೋ ಅವರವರೋ ಅಂತ ಅವತ್ತು ಯಾರೂ ಕೇಳಲಿಲ್ಲ.

ಕೊಲ್ಲಾಪುರದ ಖಾಸಬಾಗ್ ಮೈದಾನಕ್ಕೆ ಕಾಕಾ ನಮ್ಮನ್ನು ಒಮ್ಮೆ ಕರೆದುಕೊಂಡು ಹೋಗಿದ್ದರು. ಕೊಲ್ಲಾಪುರವನ್ನು ಆಳುತ್ತಿದ್ದ ಶಾಹು ಮಹಾರಾಜರು ರೋಮಿನ ಅಖಾಡ ನೋಡಿ ಬಂದು, ಅದೇ ಮಾದರಿಯಲ್ಲಿ 1912ರಲ್ಲಿ ಕಟ್ಟಿಸಿ ಮುಗಿಸಿದ್ದು. ನಡುವೆ ಮಣ್ಣು, ಸುತ್ತ ಇಳಿಜಾರು, ಎಲ್ಲಿ ಕೂತರೂ ಕುಸ್ತಿ ಕಾಣುತ್ತದೆ. ಆ ಮಣ್ಣು ಹಣೆಗೆ ಹಚ್ಚಿಕೊಂಡು ಬಂದೆವು. ಮ್ಯಾಟ್ ದೊಡ್ಡದೋ ಮಣ್ಣು ದೊಡ್ಡದೋ ಅಂತ ನಾವು ವಾದ ಮಾಡಿದಾಗ ಕಾಕಾ ಖಾಶಾಬಾ ಜಾಧವರ ಮಾತು ತೆಗೆಯುತ್ತಿದ್ದರು. ಕರಾಡದ ಹತ್ತಿರದ ಗೋಳೇಶ್ವರದವರು, ಮಣ್ಣಿನಲ್ಲಿ ಬೆಳೆದವರು. 1948ರಲ್ಲಿ ಲಂಡನ್ ಒಲಿಂಪಿಕ್ಸಿಗೆ ಹೋಗಿ ರೂಢಿಯಿಲ್ಲದ ಮ್ಯಾಟ್ ಮೇಲೆ ಆರನೆಯವರಾದರು. ನಾಲ್ಕು ವರ್ಷ ಮ್ಯಾಟಿನ ನಿಯಮ ಕಲಿತು 1952ರಲ್ಲಿ ಹೆಲ್ಸಿಂಕಿಯಿಂದ ಕಂಚು ತಂದರು. ಸ್ವತಂತ್ರ ಭಾರತಕ್ಕೆ ಒಬ್ಬರೇ ಗೆದ್ದು ತಂದ ಮೊದಲ ಒಲಿಂಪಿಕ್ ಪದಕ ಅದು. ಇದನ್ನು ಹೇಳಿ ಕಾಕಾ ನಮ್ಮಿಬ್ಬರ ಕಡೆಯೂ ನೋಡುತ್ತಿದ್ದರು.

2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ ಎರಡೂ ತುಂಬಿ ಬಂದವು. ತಾಲೀಮಿನೊಳಗೆ ಎದೆಮಟ್ಟ ನೀರು. ಇಳಿದ ಮೇಲೆ ನೋಡಿದರೆ ನಮ್ಮ ಕೆಂಪು ಮಣ್ಣಿನ ಮೇಲೆ ಒಂದು ಗೇಣು ಕರಿ ರಾಡಿ. ಮಾರುತಿಯ ಫೋಟೋ ಗೋಡೆಯಲ್ಲೇ ಇತ್ತು, ಚಿತ್ರ ಅಳಿಸಿಹೋಗಿತ್ತು. ಕಾಕಾ ಹೊಸ್ತಿಲ ಮೇಲೆ ಕೂತರು, ಮಾತಿಲ್ಲ. ವಾರ ಬಿಟ್ಟು ಸದಲಗಾದವನು ಕರೆಯದೆ ಟ್ರ್ಯಾಕ್ಟರ್ ತಗೊಂಡು ಬಂದ. ಅವನ ಮನೆಗೂ ನೀರು ಹೊಕ್ಕಿತ್ತು. ಮೂರು ದಿನ ರಾಡಿ ಎತ್ತಿ ಹಾಕಿದೆವು. ಕೆಂಪು ಮಣ್ಣು ಎರಡು ಟ್ರೇಲರ್ ತಂದೆವು. ಕುರುಂದವಾಡದಲ್ಲೂ ಹೊಳೆ ನುಗ್ಗಿತ್ತು, ಆದರೂ ಅವನು ಅರಿಶಿನದ ಚೀಲ ಕಟ್ಟಿಕೊಂಡು ಬಂದ. ಬೋರಗಾಂವದವನು ರಜೆ ಹಾಕಿ ಜರಡಿ ಹಿಡಿದ.

ಮಣ್ಣು ಹದಕ್ಕೆ ಬಂದ ದಿನ ಕಾಕಾ ಮುಷ್ಟಿ ಬಿಚ್ಚಿ ನೋಡಿದರು. ಉಂಡೆ ನಿಂತಿತು, ಮುಟ್ಟಿದಾಗ ಉದುರಿತು. "ಯಾರ ಇಳೀತೀರಿ ಮೊದಲ?" ಅಂದರು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಸದಲಗಾದವನು ಅಂಗಿ ಬಿಚ್ಚಿ ಮೊಳೆಗೆ ಹಾಕಿ ನನ್ನ ಕಡೆ ತಿರುಗಿದ. ನಮಗಿಬ್ಬರಿಗೂ ಆಗ ಮೂವತ್ತೆರಡು. ಹಣೆಗೆ ಮಣ್ಣು ಹಚ್ಚಿಕೊಂಡು ಸಲಾಮಿ ಮಾಡಿದೆವು, ಮತ್ತೆ ಅವನ ಎಡಗೈ ಮೊದಲು ಬಂತು. ಉಸಿರು ಹತ್ತುವವರೆಗೆ ಹಿಡಿದೆವು. ನಾನು ಒಮ್ಮೆ ಅವನನ್ನು ಕೆಳಗೆ ತಂದೆ, ಅವನು ಒಮ್ಮೆ ನನ್ನ ಹೆಗಲು ಮಣ್ಣಿಗೆ ಮುಟ್ಟಿಸಿದ. ಒಂದು ಹೆಗಲೋ, ಎರಡೋ? ಕಾಕಾ ಹೇಳಲಿಲ್ಲ, ಬರಾಬರಿ ಅಂತ ಬಿಡಿಸಿ ಇಬ್ಬರ ಕೈಯಲ್ಲೂ ಸನಿಕೆ ಕೊಟ್ಟು ಮಣ್ಣು ತಿರುವಲು ಹಚ್ಚಿದರು. ಅವನು ಎರಡು ಹೆಗಲು ಅನ್ನುತ್ತಾನೆ. ನೀವು ಕಟ್ಟೆ ಹತ್ತಿರ ಬರುವಾಗ 2003 ಮುಗಿದು ನಾವು ಈ ಹೆಗಲಿನ ಮಾತಿಗೆ ಬಂದಿದ್ದೆವು. ಮುಂದಿನ ಜಾತ್ರೆಗೆ ಒಂದು ದಿನ ಮೊದಲೇ ಬನ್ನಿ, ಕಾಕಾನನ್ನೇ ಕೇಳೋಣ.