ಓದುಗರ ಪ್ರಶ್ನೆ: ಯಾವ ಎಲೆಕ್ಟಿವ್ ತಗೊಳ್ಳಲಿ?

ಪ್ರಶ್ನೆ: ಈ ವರ್ಷ ಬಿ.ಎಸ್ಸಿ.ಗೆ ಸೇರಿದ್ದೇನೆ. ಓಪನ್ ಎಲೆಕ್ಟಿವ್ (ನಮ್ಮ ಮುಖ್ಯ ವಿಷಯಗಳಾಚೆ ಆರಿಸಿಕೊಳ್ಳುವ ಪೇಪರ್) ಆರಿಸಲು ನಾಲ್ಕು ದಿನ ಕೊಟ್ಟಿದ್ದಾರೆ. ‘ಮಾರ್ಕ್ಸ್ ಧಾರಾಳವಾಗಿ ಬೀಳೋ ಪೇಪರ್ ತಗೋ, ಎಸ್‌ಜಿಪಿಎ (ಸೆಮಿಸ್ಟರಿನ ಸರಾಸರಿ ಗ್ರೇಡ್) ಏರುತ್ತೆ’ ಅನ್ನುತ್ತಾರೆ ಸೀನಿಯರ್‌ಗಳು. ಕೇಳಬಹುದೇ? – ವಿದ್ಯಾರ್ಥಿನಿ, ಶಿವಮೊಗ್ಗ

ಏರುತ್ತದೆ, ಆದರೆ ಎಷ್ಟು? ಲೆಕ್ಕ ಹಾಕಿ. ಪ್ರತಿ ಪೇಪರಿನ ಕ್ರೆಡಿಟ್ಟನ್ನು (ಅದಕ್ಕಿರುವ ತೂಕ) ಅದರಲ್ಲಿ ಹತ್ತಕ್ಕೆ ಬಂದ ಗ್ರೇಡ್ ಪಾಯಿಂಟ್‌ನಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಒಟ್ಟು ಕ್ರೆಡಿಟ್‌ಗಳಿಂದ ಭಾಗಿಸಿದರೆ ಎಸ್‌ಜಿಪಿಎ. ಸೆಮಿಸ್ಟರ್‌ಗೆ 20 ಕ್ರೆಡಿಟ್, ಎಲೆಕ್ಟಿವ್‌ಗೆ 3 ಅಂದುಕೊಳ್ಳೋಣ. ಅದರಲ್ಲಿ 8ರ ಬದಲು 10 ಪಾಯಿಂಟ್ ಬಂದರೆ ಹೆಚ್ಚಾಗುವುದು 6ನ್ನು 20ರಿಂದ ಭಾಗಿಸಿದಷ್ಟು, ಅಂದರೆ 0.3. ಆರು ಸೆಮಿಸ್ಟರ್‌ಗಳ 120 ಕ್ರೆಡಿಟ್‌ನಲ್ಲಿ ಅದೇ ಲಾಭ 0.05ಕ್ಕೆ ಇಳಿಯುತ್ತದೆ. ಅತ್ತ 4 ಕ್ರೆಡಿಟ್‌ನ ಗಣಿತದಲ್ಲಿ ಒಂದೇ ಒಂದು ಪಾಯಿಂಟ್ ಜಾರಿದರೂ 0.2 ಹೋಯಿತು. ಸುಲಭದ ಪೇಪರ್‌ಗಾಗಿ ಅಷ್ಟೆಲ್ಲ ತಲೆ ಕೆಡಿಸಿಕೊಳ್ಳುವಂಥದ್ದೇನಿಲ್ಲ.

ನಿಜವಾದ ಪೆಟ್ಟು ಬೀಳುವುದು ಫೇಲಾದಾಗ. ಎಫ್‌ಗೆ ಪಾಯಿಂಟ್ ಸೊನ್ನೆ, ಅದೇ 3 ಕ್ರೆಡಿಟ್‌ನಲ್ಲಿ 8 ಬರಬೇಕಿದ್ದವರು 1.2 ಕಳೆದುಕೊಳ್ಳುತ್ತಾರೆ. ‘ಸುಲಭ’ ಎಂದು ಕ್ಲಾಸಿಗೇ ಹೋಗದೆ 75% ಹಾಜರಾತಿ ಮುಟ್ಟದವರ ಪಾಡೂ ಹೆಚ್ಚುಕಡಿಮೆ ಇದೇ.

ಹಾಗಾಗಿ ಈ ನಾಲ್ಕು ದಿನಗಳಲ್ಲಿ ಮೊದಲು ಆಫೀಸಿನಿಂದ ನಿಮ್ಮ ಬ್ಯಾಚ್‌ನ ನಿಯಮ ತನ್ನಿ, ಸೀನಿಯರ್‌ಗಳದ್ದಲ್ಲ. ರಾಜ್ಯದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಪದವಿಯ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂತು, 2024-25ರಲ್ಲಿ ಸೇರಿದವರಿಗೆ ಮತ್ತೆ ಮೂರು ವರ್ಷದ ಪದವಿ ಆಯಿತು. ಸ್ವಾಯತ್ತ ಕಾಲೇಜು, ಖಾಸಗಿ ವಿಶ್ವವಿದ್ಯಾಲಯಗಳ ದಾರಿಯೇ ಬೇರೆ. ನಿಮ್ಮ ಸೀನಿಯರ್‌ಗಳಿಗಿದ್ದ ಪೇಪರ್ ನಿಮಗೆ ಇಲ್ಲದಿರಬಹುದು.

ಆಮೇಲೆ ಸಿಲಬಸ್ ತೆರೆದು ಎರಡೇ ಕಡೆ ಕಣ್ಣಾಡಿಸಿ: ಮೊದಲ ಯೂನಿಟ್ ಮತ್ತು ಪ್ರಶ್ನೆಪತ್ರಿಕೆಯ ಮಾದರಿ. ಮೊದಲ ಯೂನಿಟ್ಟೇ ನಿಮಗೆ ಗೊತ್ತಿಲ್ಲದ ಹಿನ್ನೆಲೆಯಿಂದ ಶುರುವಾದರೆ ಅದು ಆ ವಿಭಾಗದ ಮಕ್ಕಳಿಗಾಗಿಯೇ ಬರೆದ ಪೇಪರ್ ಎಂದುಕೊಳ್ಳಿ. ಬರೀ ಪ್ರಬಂಧದಂಥ ಉತ್ತರ ಕೇಳುವ ಪೇಪರ್ ‘ಸುಲಭ’ ಎನಿಸಿದರೂ, ಲೆಕ್ಕ ಬಿಡಿಸಿ ರೂಢಿಯಾದವರ ಕೈ ಪರೀಕ್ಷೆಯಲ್ಲಿ ಸೋತುಹೋಗುತ್ತದೆ. ವೇಳಾಪಟ್ಟಿಯಲ್ಲಿ ಅದು ನಿಮ್ಮ ಲ್ಯಾಬ್ ಇರುವ ಹೊತ್ತಿಗೇ ಬಿದ್ದಿದೆಯಾ ಎಂದೂ ನೋಡಿ.

ಎರಡನೇ, ಮೂರನೇ ಆಯ್ಕೆಯನ್ನು ‘ಹೇಗೂ ಸಿಗಲ್ಲ’ ಎಂದು ಗೀಚಬೇಡಿ. ಸಾಕಷ್ಟು ಮಂದಿ ಸೇರದಿದ್ದರೆ ಪೇಪರನ್ನೇ ಕೈಬಿಡುತ್ತಾರೆ, ಆಗ ಕೈಗೆ ಬರುವುದು ಅದೇ ಮೂರನೆಯದು. ಇನ್ನೊಂದು ಮಾತು: ಪರೀಕ್ಷಾ ಅರ್ಜಿ ತುಂಬುವಾಗ ಪೇಪರಿನ ಹೆಸರಲ್ಲ, ಕೋಡ್ ಓದಿ. ಕೂತ ಕ್ಲಾಸ್ ಒಂದು, ಅರ್ಜಿಯಲ್ಲಿನ ಕೋಡ್ ಇನ್ನೊಂದು ಆದರೆ ಅಂಕಪಟ್ಟಿ ಸರಿಪಡಿಸಲು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

ಪ್ರಶ್ನೆ: ನನ್ನ ಮಗ ಬಿ.ಕಾಂ. ಓದುತ್ತಿದ್ದಾನೆ. ಎಲೆಕ್ಟಿವ್ ಆಗಿ ಇತಿಹಾಸ ತಗೊಂಡರೆ ಮುಂದೆ ಇತಿಹಾಸದಲ್ಲಿ ಎಂ.ಎ. ಮಾಡಬಹುದಲ್ಲವೇ? – ಪೋಷಕರು, ಗದಗ

ಅದನ್ನೇ ನಂಬಿಕೊಂಡು ಕೂರಬೇಡಿ. ಇಲ್ಲಿ ಪದವೇ ಗೊಂದಲ ಮಾಡುತ್ತದೆ. ನಮ್ಮಲ್ಲಿ ‘ಐಚ್ಛಿಕ ಇತಿಹಾಸ’, ‘ಐಚ್ಛಿಕ ಕನ್ನಡ’ ಎಂದರೆ ಬಿ.ಎ.ಯಲ್ಲಿ ಪೂರ್ತಿ ಓದುವ ಮುಖ್ಯ ವಿಷಯ, ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ಕಾಂಬಿನೇಷನ್‌ನಲ್ಲಿ ಎಚ್ ಇರುವಂತೆ. ಓಪನ್ ಎಲೆಕ್ಟಿವ್ ಹಾಗಲ್ಲ, ಒಂದು ಸೆಮಿಸ್ಟರಿನ ರುಚಿ ಅಷ್ಟೆ. ಎಂ.ಎ., ಬಿ.ಇಡಿ. ಅಧಿಸೂಚನೆಗಳು ‘ಪದವಿಯಲ್ಲಿ ಈ ವಿಷಯ ಓದಿರಬೇಕು’ ಎಂದಾಗ ಸಾಮಾನ್ಯವಾಗಿ ಕೇಳುವುದು ಮೊದಲನೆಯದನ್ನು. ಸೇರಬೇಕೆಂದಿರುವ ವಿಶ್ವವಿದ್ಯಾಲಯದ ಕಳೆದ ವರ್ಷದ ಪ್ರವೇಶ ಅಧಿಸೂಚನೆಯಲ್ಲಿ ಅರ್ಹತೆಯ ಸಾಲು ಓದಿ. ಮಗನಿಗೆ ಇತಿಹಾಸದ ಮೇಲೇ ಮನಸ್ಸಿದ್ದರೆ ಕೋರ್ಸ್ ಬದಲಿಸುವ ಅವಕಾಶ ಇನ್ನೂ ಇದೆಯೇ ಎಂದು ಈಗಲೇ ವಿಚಾರಿಸಿ, ಎರಡನೇ ವರ್ಷಕ್ಕೆ ಬಿಡಬೇಡಿ.

ಪ್ರಶ್ನೆ: ಎಲೆಕ್ಟಿವ್ ಬದಲಿಗೆ ಎನ್‌ಪಿಟಿಇಎಲ್ (ಐಐಟಿ, ಐಐಎಸ್‌ಸಿಗಳ ಆನ್‌ಲೈನ್ ಕಲಿಕೆ) ಕೋರ್ಸ್ ಮಾಡಬಹುದು ಎಂದಿದ್ದಾರೆ. ಕ್ಲಾಸ್ ತಪ್ಪುತ್ತದೆ, ಹಾಗಾಗಿ ಆಸೆಯಾಗಿದೆ. – ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಕ್ಲಾಸ್ ತಪ್ಪುತ್ತದೆ, ಗಡುವು ತಪ್ಪುವುದಿಲ್ಲ. ಸೇರಲು ದುಡ್ಡಿಲ್ಲ, ಪರೀಕ್ಷೆಗೆ ಮಾತ್ರ ಬೇರೆ ನೋಂದಣಿ, ಬೇರೆ ಶುಲ್ಕ. ಕೋರ್ಸಿಗೆ ಸೇರಿ ಪರೀಕ್ಷೆಗೆ ನೋಂದಾಯಿಸುವುದನ್ನೇ ಮರೆಯುವವರಿದ್ದಾರೆ. 12 ವಾರದ ಕೋರ್ಸ್ 3 ಕ್ರೆಡಿಟ್‌ಗೆ ಸಮ. ವಾರವಾರದ ಅಸೈನ್‌ಮೆಂಟ್‌ಗಳಲ್ಲಿ ಚೆನ್ನಾಗಿ ಮಾಡಿದ 8ರ ಸರಾಸರಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಪ್ರಮಾಣಪತ್ರಕ್ಕೆ 25ರಲ್ಲಿ 10, 75ರಲ್ಲಿ 30, ಎರಡೂ ಬೇಕು. ಅಸೈನ್‌ಮೆಂಟ್‌ನಲ್ಲಿ 22.5 ಬಂದು ಪರೀಕ್ಷೆಯಲ್ಲಿ 28.5 ಬಂದರೆ ಒಟ್ಟು 51 ಆದರೂ ಪ್ರಮಾಣಪತ್ರ ಇಲ್ಲ. ಗೆಳೆಯರ ಉತ್ತರ ನಕಲಿಸಿ ಅಸೈನ್‌ಮೆಂಟ್ ಮುಗಿಸುವವರು ಎಡವುವುದು ಇಲ್ಲೇ.

ಸೇರುವ ಮೊದಲು ಕೋರ್ಸಿನ ಹೆಸರು, ವಾರಗಳು, ಕ್ರೆಡಿಟ್ ನಮೂದಿಸಿ ವಿಭಾಗದ ಮುಖ್ಯಸ್ಥರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಕ್ರೆಡಿಟ್ ಕೊಡುವುದು ನಿಮ್ಮ ಕಾಲೇಜು, ಎನ್‌ಪಿಟಿಇಎಲ್ ಅಲ್ಲ. ಪರೀಕ್ಷೆಯ ದಿನಾಂಕ ನಿಮ್ಮ ಸೆಮಿಸ್ಟರ್ ಪರೀಕ್ಷೆಗೆ ಅಡ್ಡ ಬರುತ್ತದೆಯೇ, ಫಲಿತಾಂಶ ತಡವಾದರೆ ಕಾಲೇಜು ಕಾಯುತ್ತದೆಯೇ ಎಂದು ಆಗಲೇ ಕೇಳಿಬಿಡಿ.