ಬಿಸಿಲಿಗೆ ಗಡಿಯಾರ ಗೊತ್ತಿಲ್ಲ

ಪ್ರಶ್ನೆ: ನನ್ನ ತಮ್ಮ ಕುವೈತ್‌ನಲ್ಲಿ ಕಟ್ಟಡ ಕೆಲಸಕ್ಕಿದ್ದಾನೆ. ಬೇಸಿಗೆಯಲ್ಲಿ ಮಧ್ಯಾಹ್ನ ಕೆಲಸ ನಿಲ್ಲಿಸಿದರೂ ತಲೆಸುತ್ತು ಬರುತ್ತದೆ ಎನ್ನುತ್ತಾನೆ. ಅಲ್ಲಿ ಸೋಲಾರ್ ವಿದ್ಯುತ್ ಮಾಡುತ್ತಿದ್ದಾರಂತೆ. ಅದರಿಂದ ಇವನಂಥವರಿಗೆ ಏನು ಬಂತು? ಜುಲೈನಲ್ಲಿ ರಜೆಗೆ ಊರಿಗೆ ಬಂದು ಹೋಗುತ್ತಾನೆ.
– ಓದುಗರೊಬ್ಬರು, ಕುಂದಾಪುರ

ಉತ್ತರ: ಸದ್ಯಕ್ಕೆ ಏನೂ ಬಂದಿಲ್ಲ. ಶಗಾಯ ಮರುಭೂಮಿಯಲ್ಲಿ ಸೌರ ಮತ್ತು ಗಾಳಿ ವಿದ್ಯುತ್ ಘಟಕಗಳಿವೆ, ನಿಜ. ಆದರೆ ದೇಶದ ವಿದ್ಯುತ್ತು ಬಹುತೇಕ ತೈಲ, ಅನಿಲ ಸುಟ್ಟೇ ಬರುವುದು. ಬೇಸಿಗೆಯಲ್ಲಿ ಅದರ ದೊಡ್ಡ ಪಾಲನ್ನು ಎ.ಸಿ.ಗಳು ನುಂಗುತ್ತವೆ. ಒಳಗಿನ ಬಿಸಿಯನ್ನು ಹೊರಗೆ ಉಗುಳುವುದು ಎ.ಸಿ.ಯ ಕೆಲಸ, ಹೊರಗಿರುವವನು ನಿಮ್ಮ ತಮ್ಮ.

ದರದ ಕಥೆ ಇನ್ನೂ ಸೋಜಿಗ. ಕುವೈತಿ ಪ್ರಜೆಗಳ ಮನೆಗೆ ಯೂನಿಟ್‌ಗೆ 2 ಫಿಲ್ಸ್ ದರ. ಸಾವಿರ ಫಿಲ್ಸ್ ಸೇರಿದರೆ ಒಂದು ದಿನಾರ್. ಉತ್ಪಾದನೆಯ ಖರ್ಚು ಇದರ ಹಲವು ಪಟ್ಟು. 2017ರಲ್ಲಿ ದರ ಏರಿಸಿದಾಗ ವಲಸಿಗರು ಹೆಚ್ಚಾಗಿ ಬಾಡಿಗೆಗಿರುವ ಅಪಾರ್ಟ್‌ಮೆಂಟ್‌ಗಳಿಗೆ 5 ಫಿಲ್ಸ್ ಆಯಿತು, ಪ್ರಜೆಗಳ ಬಂಗಲೆಗಳ ದರ ಇದ್ದಲ್ಲೇ ಉಳಿಯಿತು. ಹೊಗೆ ತಗ್ಗಿಸಬೇಕಾದರೆ ಕೈಯಿಡಬೇಕಾದ್ದು ಬಂಗಲೆಯ ಬಿಲ್ಲಿಗೆ ಎಂಬುದು ನನ್ನ ಅಭಿಪ್ರಾಯ.

ಮಧ್ಯಾಹ್ನದ ಬಿಡುವಿನ ನಿಯಮ ಒಳ್ಳೆಯದೇ: ಜೂನ್ 1ರಿಂದ ಆಗಸ್ಟ್ 31ರವರೆಗೆ, 11ರಿಂದ 4 ಗಂಟೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಆದರೆ 2016ರ ಜುಲೈನಲ್ಲಿ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾದ ದೇಶ ಅದು. ಅಂಥ ಕಾವು ನಾಲ್ಕು ಗಂಟೆಯಾಯಿತೆಂದು ಇಳಿಯುವುದಿಲ್ಲ. ಕತಾರ್ 2021ರಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು. ಉಷ್ಣತೆ, ತೇವ, ಬಿಸಿಲು, ಗಾಳಿ ಸೇರಿಸಿ ಅಳೆಯುವ ಸೂಚ್ಯಂಕ 32.1 ಡಿಗ್ರಿ ದಾಟಿದರೆ, ಗಂಟೆ ಎಷ್ಟೇ ಆಗಿರಲಿ, ಹೊರಗಿನ ಕೆಲಸ ನಿಲ್ಲಬೇಕು. ಕುವೈತ್ ನಕಲು ಮಾಡಬೇಕಾದ್ದು ಇದನ್ನು.

ಈಗ ರಜೆಯ ವಿಷಯ, ನನಗೆ ಹೆಚ್ಚು ಆತಂಕ ಇದೇ. ಬಿಸಿಲಿಗೆ ಒಗ್ಗಿದ ಮೈ ಕೆಲವು ವಾರ ಕುಂದಾಪುರದ ಮಳೆಯಲ್ಲಿದ್ದರೆ ಆ ಒಗ್ಗಿಕೆಯನ್ನು ಬಹುಪಾಲು ಕಳೆದುಕೊಳ್ಳುತ್ತದೆ. ಹಿಂತಿರುಗಿದ ಮೊದಲ ದಿನವೇ ಪೂರ್ತಿ ಕೆಲಸಕ್ಕೆ ಇಳಿಯುವುದು ಅಪಾಯ. ಮೊದಲ ದಿನ ಅರ್ಧ ಕೆಲಸ, ಆಮೇಲೆ ದಿನದಿನಕ್ಕೆ ಸ್ವಲ್ಪ ಹೆಚ್ಚು ಎಂದು ಮೇಸ್ತ್ರಿಯನ್ನು ಮೊದಲೇ ಕೇಳಿಕೊಳ್ಳಲಿ. ಬಾಯಾರಿಕೆಗೆ ಕಾಯದೆ ಆಗಾಗ ನೀರು ಕುಡಿಯಲಿ. ಮೂತ್ರ ಗಾಢ ಹಳದಿಯಾದರೆ ನೀರು ಸಾಲದು ಎಂದರ್ಥ. ಮಾತು ತೊದಲಿ ದಿಕ್ಕು ತಪ್ಪಿದವರಂತೆ ವರ್ತಿಸಿದರೆ ಜೊತೆಯವರು ನೆರಳಿಗೆ ಒಯ್ದು ಮೈಗೆ ನೀರು ಸುರಿಯುತ್ತಲೇ ಆಂಬುಲೆನ್ಸ್ ಕರೆಯಬೇಕು. ಪದೇ ಪದೇ ಬಿಸಿಲಿನಲ್ಲಿ ನೀರು ಕಳೆದುಕೊಂಡರೆ ಕಿಡ್ನಿಗೆ ಪೆಟ್ಟು. ಹಾಗಾಗಿ ಊರಿಗೆ ಬಂದಾಗ ಕಿಡ್ನಿಯ ಸ್ಥಿತಿ ತಿಳಿಸುವ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ಮುಂದಿನ ಸಲದ ವರದಿಯೊಡನೆ ಹೋಲಿಸಲು ಈ ವರದಿಯನ್ನು ಮುಂದಿನ ರಜೆಯವರೆಗೂ ಜೋಪಾನವಾಗಿಡಿ.