ಮೂರನೇ ಮಹಡಿಗೂ ಪಾಯ ಇದೆ

ರೋಟರ್‌ಡ್ಯಾಮ್‌ನಿಂದ ಓದುಗರೊಬ್ಬರು ಬರೆದ ಪತ್ರದ ಸಾರ ಇದು: "ನಾವು ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿದ್ದೇವೆ. ನೆದರ್‌ಲ್ಯಾಂಡ್ಸ್‌ಗೆ ಬಂದು ಏಳು ವರ್ಷ. ಔಡೆ ನೋರ್ಡೆನ್ ಬಡಾವಣೆಯಲ್ಲಿ ಮನೆ ಹುಡುಕುತ್ತಿದ್ದೇವೆ. ಮೂರು ಸಲ ಬಿಡ್ ಮಾಡಿದೆವು, ಮೂರೂ ಕೈತಪ್ಪಿದವು. ತಪಾಸಣೆಯಲ್ಲಿ ದೊಡ್ಡ ದೋಷ ಕಂಡರೆ ಹಿಂದೆ ಸರಿಯುತ್ತೇವೆ ಅನ್ನುವ ಷರತ್ತು ಹಾಕಿದ್ದೇ ಕಾರಣವಂತೆ. ಮುಂದಿನ ಸಲ ಯಾವ ಷರತ್ತೂ ಬೇಡ ಅಂತ ಎಲ್ಲರೂ ಹೇಳುತ್ತಿದ್ದಾರೆ. ನಾವು ನೋಡುತ್ತಿರುವುದು ಮೂರನೇ ಮಹಡಿಯ ಹಳೆ ಮನೆ. ಪಾಯದ ಚಿಂತೆ ಕೆಳಗಿನವರದು ತಾನೇ? ನಮ್ಮವರು ಜಾಸ್ತಿ ಇರುವುದು ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟೆಲ್‌ವೇನ್ ಕಡೆ. ಅವರೆಲ್ಲ ಈ ಏರಿಯಾ ಸರಿಯಿಲ್ಲ ಅನ್ನುತ್ತಾರೆ. ಮಾವನವರು ಮೈಸೂರಿನಲ್ಲೇ ಸೈಟ್ ತಗೊಳ್ಳಿ ಅನ್ನುತ್ತಾರೆ. ನವೆಂಬರ್‌ಗೆ ನನಗೆ 35 ತುಂಬುತ್ತದೆ, ಯಜಮಾನರಿಗೆ 38. ಮುಂದಿನ ವರ್ಷ ಅಮ್ಮ ಬಂದು ನಮ್ಮ ಜೊತೆ ಇರಲಿ ಅಂತ ಆಸೆ. ಏನು ಮಾಡೋದು?"

ನಮಸ್ಕಾರ.

ನಿಮ್ಮ ಪತ್ರ ಓದುವಾಗ ನನಗೆ ನಿಜಕ್ಕೂ ಗಾಬರಿಯಾಗಿದ್ದು ಒಂದೇ ಸಾಲಿಗೆ. ಪಾಯದ ಚಿಂತೆ ಕೆಳಗಿನವರದು ತಾನೇ ಅಂತ ಕೇಳಿದ್ದೀರಲ್ಲ, ಆ ಸಾಲು. ಅಲ್ಲಿಂದಲೇ ಶುರು ಮಾಡುತ್ತೇನೆ. ಹೀಗೆ ಅಂದುಕೊಂಡವರು ನೀವೊಬ್ಬರೇ ಇರಲಿಕ್ಕಿಲ್ಲ, ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗಿದೆ.

ಇಲ್ಲಿ ಫ್ಲ್ಯಾಟ್ ಕೊಂಡರೆ ಕಾನೂನಿನ ಪ್ರಕಾರ ನಿಮಗೆ ಸಿಗುವುದು ಇಡೀ ಕಟ್ಟಡದಲ್ಲಿ ಒಂದು ಪಾಲು, ಜೊತೆಗೆ ನಿಮ್ಮ ಮಹಡಿಯನ್ನು ನೀವೇ ಬಳಸುವ ಹಕ್ಕು. ಛಾವಣಿ, ಹೊರಗೋಡೆ, ಮೆಟ್ಟಿಲು, ಪಾಯ ಸಾಮಾನ್ಯವಾಗಿ ಎಲ್ಲರಿಗೂ ಸೇರಿದ್ದು. ಯಾರ ಪಾಲು ಎಷ್ಟು ಅನ್ನುವುದು ಸ್ಪ್ಲಿಟ್ಸಿಂಗ್ಸ್‌ಆಕ್ಟೆ ಅನ್ನುವ ವಿಭಾಗ ಪತ್ರದಲ್ಲಿ ಬರೆದಿರುತ್ತದೆ. ನಾಲ್ಕು ಮನೆಯ ಕಟ್ಟಡದಲ್ಲಿ ನಿಮ್ಮದು ಕಾಲು ಪಾಲಾದರೆ ಪಾಯ ರಿಪೇರಿಯ ಬಿಲ್ಲಿನಲ್ಲೂ ಕಾಲು ಪಾಲು ನಿಮ್ಮದೇ. ನೀವು ಎಷ್ಟನೇ ಮಹಡಿಯಲ್ಲಿದ್ದೀರಿ ಅಂತ ಯಾರೂ ಕೇಳುವುದಿಲ್ಲ.

ನೀವು ನೋಡುತ್ತಿರುವ ಬಡಾವಣೆಯಲ್ಲಂತೂ ಇದನ್ನು ಮರೆಯುವ ಹಾಗೇ ಇಲ್ಲ. 1940ರ ಮೇ 14ರ ಬಾಂಬ್ ದಾಳಿಯಲ್ಲಿ ರೋಟರ್‌ಡ್ಯಾಮ್‌ನ ನಡುಭಾಗ ಸುಟ್ಟುಹೋಯಿತು. ರೊಟ್ಟೆ ನದಿಯ ಪಕ್ಕದ ಔಡೆ ನೋರ್ಡೆನ್ ಬಹುಮಟ್ಟಿಗೆ ಉಳಿಯಿತು. ಅದಕ್ಕೇ ಅಲ್ಲಿ ನೂರು ವರ್ಷ ದಾಟಿದ ಇಟ್ಟಿಗೆ ಮನೆಗಳ ಸಾಲು ಇನ್ನೂ ನಿಂತಿದೆ. ಆ ಎತ್ತರದ ಕಿಟಕಿ, ಆ ಮರದ ನೆಲ ನೋಡಿಯೇ ಅಲ್ವಾ ನಿಮಗೂ ಮನಸ್ಸಾಗಿದ್ದು? ಆದರೆ ಆ ಮನೆಗಳ ಕೆಳಗಿರುವುದು ಮೆತ್ತನೆಯ ಮಣ್ಣು. ಗಟ್ಟಿ ಮರಳು ಸಿಗಬೇಕಾದರೆ ಸುಮಾರು 15 ಮೀಟರ್ ಇಳಿಯಬೇಕು. ಆಗಿನವರು ಉದ್ದುದ್ದ ಮರದ ಕಂಬಗಳನ್ನು ನೆಲಕ್ಕೆ ಹೊಡೆದು ಅವುಗಳ ಮೇಲೆ ಗೋಡೆ ಎಬ್ಬಿಸಿದರು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಗೋಡೆಯ ಕೆಳಗೆ ಕಂಬಗಳನ್ನು ಜೋಡಿ ಸಾಲಾಗಿ ಹೊಡೆಯುತ್ತಿದ್ದರು. ರೋಟರ್‌ಡ್ಯಾಮ್‌ನ ಪದ್ಧತಿಯಲ್ಲಿ ಒಂದೇ ಸಾಲು.

ಮರ ಅಂದ ಕೂಡಲೇ ಹೆದರಬೇಕಿಲ್ಲ. ಆಮ್‌ಸ್ಟರ್‌ಡ್ಯಾಮ್‌ನ ಅರಮನೆ 13,659 ಮರದ ಕಂಬಗಳ ಮೇಲೆ 17ನೇ ಶತಮಾನದಿಂದ ನಿಂತಿದೆ. ಕಂಬದ ತಲೆ ನೀರಿನಲ್ಲಿ ಮುಳುಗಿರುವವರೆಗೂ ಗಾಳಿ ತಾಗುವುದಿಲ್ಲ, ಶಿಲೀಂಧ್ರ ಹತ್ತುವುದಿಲ್ಲ. ಅಂತರ್ಜಲ ಕೆಳಗಿಳಿದು ತಲೆ ಬಯಲಾದಾಗ ಕೊಳೆಯಲು ಶುರು. ಬಿರುಕುಬಿಟ್ಟ ಹಳೆ ಚರಂಡಿ ಪೈಪು ಸುತ್ತಲಿನ ನೀರನ್ನು ಎಳೆದುಕೊಂಡರೂ ಸಾಕು, ಒಣ ಬೇಸಿಗೆ ಬಂದರೂ ಸಾಕು. ಕೊಳೆತದ್ದು ಮೇಲಿನಿಂದ ಕಾಣುವುದಿಲ್ಲ. ಆದರೆ ಮನೆ ಅದನ್ನು ಬೇರೆ ರೀತಿಯಲ್ಲಿ ಹೇಳುತ್ತದೆ.

ಹಾಗಾಗಿ ಮನೆ ನೋಡಲು ಹೋದಾಗ ಮೊದಲು ಒಳಗೆ ಹೋಗಬೇಡಿ. ಎದುರು ಫುಟ್‌ಪಾತಿನಲ್ಲಿ ನಿಂತು ಇಡೀ ಸಾಲನ್ನು ನೋಡಿ. ಕಿಟಕಿಗಳ ಕೆಳಗಿನ ಗೆರೆ ಒಂದೇ ಮಟ್ಟದಲ್ಲಿದೆಯಾ, ಒಂದು ಮನೆಯ ಹತ್ತಿರ ಬಂದು ಜಗ್ಗಿದೆಯಾ? ಕಿಟಕಿಯ ಮೂಲೆಯಿಂದ ಇಟ್ಟಿಗೆಗಳ ಸಂದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಇಳಿದಿದೆಯಾ? ಬಿರುಕಿಗೆ ಹೊಸ ಗಾರೆ ತುಂಬಿದ್ದರೆ ಬಣ್ಣದಲ್ಲೇ ಗೊತ್ತಾಗುತ್ತದೆ. ಆಮೇಲೆ ಒಳಗೆ ಹೋಗಿ. ಬಾಗಿಲುಗಳ ಮೇಲಂಚು ನೋಡಿ. ಚೌಕಟ್ಟು ವಾರೆಯಾದಾಗ ಬಾಗಿಲು ಮುಚ್ಚಲಿ ಅಂತ ಮೇಲಂಚನ್ನು ಓರೆಯಾಗಿ ಹೆರೆದಿರುತ್ತಾರೆ. ಜೇಬಿನಲ್ಲಿ ಒಂದು ಗಾಜಿನ ಗೋಲಿ ಇರಲಿ. ನೆಲದ ಮೇಲೆ ಇಟ್ಟು ಕೈ ಬಿಡಿ. ಹಳೆ ಮನೆಯಲ್ಲಿ ಗೋಲಿ ಸ್ವಲ್ಪ ಉರುಳುವುದು ಸಹಜ. ಯಾವ ಕೋಣೆಯಲ್ಲಿ ಬಿಟ್ಟರೂ ಒಂದೇ ಗೋಡೆಯ ಕಡೆಗೆ ಜೋರಾಗಿ ಓಡಿದರೆ ಪ್ರಶ್ನೆ ಕೇಳಬೇಕು.

2011ರಲ್ಲಿ ನಾವೂ ಇದೇ ಊರಿನಲ್ಲಿ, ಕ್ರಾಲಿಂಗನ್ ಕಡೆ, ಒಂದು ಮನೆಗೆ ಮನಸೋತಿದ್ದೆವು. ಅಡುಗೆಮನೆಗೆ ಬೆಳಗಿನ ಬಿಸಿಲು ಬರುತ್ತಿತ್ತು, ನನಗೆ ಅಷ್ಟೇ ಸಾಕಾಗಿತ್ತು. ಹೊರಡುವಾಗ ನನ್ನ ಮನೆಯವರು ಯಾಕೋ ನೆಲಮಹಡಿಯ ಬೆಲ್ ಒತ್ತಿದರು. ವಯಸ್ಸಾದ ಒಬ್ಬ ಹೆಂಗಸು ಬಂದರು. ಮನೆ ಹೇಗಿದೆ ಅಂತ ಕೇಳಿದೆವು. ಅವರು ಮಾತಾಡದೆ ಹಿತ್ತಲ ಬಾಗಿಲಿನ ಹತ್ತಿರ ಕರೆದುಕೊಂಡು ಹೋದರು. ಬಾಗಿಲಿನ ಕೆಳಗೆ ಒಂದು ಬದಿ ಬೆರಳು ತೂರುವಷ್ಟು ಸಂದಿ. ಇನ್ನೊಂದು ಬದಿ ನೆಲಕ್ಕೆ ಉಜ್ಜಿ ಅರ್ಧ ಚಂದ್ರದ ಗೀರು ಬಿದ್ದಿತ್ತು. "ಮೂರು ವರ್ಷದಲ್ಲಿ ಹೀಗಾಯಿತು" ಅಂದರು. ಮಾರಾಟದ ಕಾಗದಗಳಲ್ಲಿ ಇದರ ಬಗ್ಗೆ ಒಂದಕ್ಷರ ಇರಲಿಲ್ಲ. ನಾವು ಆ ಮನೆ ಬಿಟ್ಟೆವು. ಆ ಬಿಸಿಲಿಗಾಗಿ ಇವತ್ತಿಗೂ ಹೊಟ್ಟೆ ಉರಿಯುತ್ತದೆ, ಆದರೆ ಬಿಟ್ಟಿದ್ದಕ್ಕೆ ಪಶ್ಚಾತ್ತಾಪವಿಲ್ಲ.

ಯಾಕಂದರೆ ಪಾಯದ ರಿಪೇರಿ ಸಣ್ಣ ಕೆಲಸವಲ್ಲ. ನೆಲಮಹಡಿಯನ್ನು ಅಗೆದು, ಒಳಗಿನಿಂದಲೇ ಹೊಸ ಉಕ್ಕಿನ ಕಂಬಗಳನ್ನು ಇಳಿಸಿ, ಮೇಲೆ ಕಾಂಕ್ರೀಟ್ ಹಾಸಿ ಅದನ್ನು ಗೋಡೆಗೆ ಕಚ್ಚಿಸುತ್ತಾರೆ. ತಿಂಗಳುಗಟ್ಟಲೆ ಹಿಡಿಯುತ್ತದೆ. ಒಂದು ಕಟ್ಟಡಕ್ಕೆ ಲಕ್ಷ ಯೂರೋ ದಾಟುವುದೂ ಇದೆ. ಮನೆಯ ವಿಮೆ ಸಾಮಾನ್ಯವಾಗಿ ಇದಕ್ಕೆ ಹಣ ಕೊಡುವುದಿಲ್ಲ. ಪಕ್ಕದ ಮನೆಯ ಗೋಡೆಯೂ ನಿಮ್ಮ ಗೋಡೆಯೂ ಒಂದೇ ಆಗಿರುವುದರಿಂದ ಅವರೂ ಒಪ್ಪಬೇಕು. ಹೀಗಾಗಿ "ಫಂಡರಿಂಗ್ಸ್‌ಒಂಡರ್‌ಜೂಕ್ ಆಗಿದೆಯಾ?" ಅಂತ ಬಾಯಿಬಿಟ್ಟು ಕೇಳಿ. ಗುಂಡಿ ತೋಡಿ ಕಂಬದ ತಲೆಯನ್ನೇ ಪರೀಕ್ಷೆ ಮಾಡಿದ ವರದಿ ಅದು. ಕಟ್ಟಡ ಇನ್ನೆಷ್ಟು ವರ್ಷ ತೊಂದರೆಯಿಲ್ಲದೆ ನಿಲ್ಲುತ್ತದೆ ಅಂತ ಅದರಲ್ಲಿ ಬರೆದಿರುತ್ತದೆ. 25 ವರ್ಷ ಅಂತಿದ್ದರೆ ನೆಮ್ಮದಿ. ವರದಿ ಇಲ್ಲದಿದ್ದರೆ ನಗರಸಭೆಯ ಪಾಯದ ವಿಭಾಗ ಫಂಡರಿಂಗ್ಸ್‌ಲೊಕೆಟ್ ಇದೆ, ಅಲ್ಲಿ ಆ ಬೀದಿಯ ಬಗ್ಗೆ ಕೇಳಿ. ಸಾಮಾನ್ಯ ತಪಾಸಣೆಗೆ ಬರುವವರು ಛಾವಣಿ, ಗೋಡೆ, ತೇವ ಎಲ್ಲ ನೋಡುತ್ತಾರೆ, ಆದರೆ ನೆಲ ಅಗೆಯುವುದಿಲ್ಲ. ನಿಮ್ಮ ಮೂರು ಬಿಡ್‌ಗಳಲ್ಲಿ ಹಾಕಿದ್ದ ಷರತ್ತು ಉಳಿದಿದ್ದರೂ ಕಂಬದ ವಿಷಯ ಗೊತ್ತಾಗುತ್ತಿರಲಿಲ್ಲ.

ಪಾಯದಷ್ಟೇ ಮುಖ್ಯ ವಿವಿಇ, ಅಂದರೆ ಮಾಲೀಕರ ಸಂಘ. ಫ್ಲ್ಯಾಟ್ ಕೊಂಡ ದಿನವೇ ನೀವು ಅದರ ಸದಸ್ಯರು, ಬೇಡ ಅನ್ನುವ ಹಾಗಿಲ್ಲ. ಸಂಘದ ಹತ್ತಿರ ರಿಪೇರಿಗೆ ಕೂಡಿಟ್ಟ ಹಣ ಇರಲೇಬೇಕು. ಒಂದೋ ಮುಂದಿನ ವರ್ಷಗಳ ರಿಪೇರಿ ಯೋಜನೆ ಮಾಡಿ ಅದರ ಪ್ರಕಾರ ಹಣ ಇಡಬೇಕು, ಇಲ್ಲವೇ ಕಟ್ಟಡವನ್ನು ಮತ್ತೆ ಕಟ್ಟಲು ಆಗುವ ಖರ್ಚಿನ ಶೇ 0.5ರಷ್ಟನ್ನು ವರ್ಷ ವರ್ಷ ಎತ್ತಿಡಬೇಕು. ಇದು 2018ರಿಂದ ಇರುವ ನಿಯಮ. ಹೀಗಿದ್ದೂ ಮೂರು ನಾಲ್ಕು ಮನೆಯ ಸಂಘಗಳಲ್ಲಿ ಖಾತೆ ಖಾಲಿ ಇರುವುದು, ವರ್ಷಗಟ್ಟಲೆ ಸಭೆಯೇ ಸೇರದಿರುವುದು ಹೊಸದಲ್ಲ. ಇಲ್ಲಿನವರು ಅದಕ್ಕೆ ಮಲಗಿರುವ ವಿವಿಇ ಅನ್ನುತ್ತಾರೆ. ತಿಂಗಳ ವಂತಿಗೆ ಕಡಿಮೆ ಅಂತ ಖುಷಿಪಡಬೇಡಿ. ಕಳೆದ ಮೂರು ಸಭೆಗಳ ನಡಾವಳಿ ಕೇಳಿ ಪಡೆದು ಓದಿ. ಮಾಳಿಗೆ ಸೋರುತ್ತಿದೆ, ಯಾರೋ ಒಬ್ಬರು ದುಡ್ಡು ಕೊಡಲು ಒಪ್ಪುತ್ತಿಲ್ಲ ಅನ್ನುವುದೆಲ್ಲ ಅಲ್ಲಿ ಸಿಗುತ್ತದೆ. ಕಟ್ಟಡದ ಕೆಲವು ಮನೆಗಳು ಸಾಮಾಜಿಕ ಬಾಡಿಗೆ ಮನೆಗಳ ಸಂಸ್ಥೆಯದ್ದಾಗಿದ್ದರೆ ಅದನ್ನೂ ತಿಳಿದುಕೊಳ್ಳಿ. ಅವರಿದ್ದರೆ ಕೆಲಸಗಳು ನಿಯಮವಾಗಿ ನಡೆಯುತ್ತವೆ, ಆದರೆ ಹೆಚ್ಚು ಮತ ಅವರದ್ದಾದರೆ ತೀರ್ಮಾನವೂ ಅವರದ್ದೇ.

ಈಗ ಷರತ್ತಿನ ವಿಷಯ. ತಪಾಸಣೆಯ ಷರತ್ತನ್ನು ಬಿಡಬಹುದು, ತಪಾಸಣೆಯನ್ನು ಬಿಡಬೇಡಿ. ಬಿಡ್‌ಗೆ ಮೊದಲೇ ಮಾಡಿಸಿಕೊಳ್ಳಿ. ಆಗದಿದ್ದರೆ ಕಾನೂನು ಕೊಟ್ಟಿರುವ ಮೂರು ದಿನ ಇದೆ. ಸಹಿಯಾದ ಒಪ್ಪಂದದ ಪ್ರತಿ ನಿಮ್ಮ ಕೈ ಸೇರಿದ ಮರುದಿನದಿಂದ ಲೆಕ್ಕ, ಅದರಲ್ಲಿ ಎರಡಾದರೂ ಕೆಲಸದ ದಿನ ಆಗಿರಬೇಕು. ಆ ಮೂರು ದಿನದೊಳಗೆ ಕಾರಣ ಹೇಳದೆ, ದಂಡ ಕಟ್ಟದೆ ಹಿಂದೆ ಸರಿಯಬಹುದು. ತಪಾಸಣೆಯವರನ್ನು ಆ ದಿನಗಳಿಗೆ ಮುಂಚೆಯೇ ಗೊತ್ತುಮಾಡಿ ಇಟ್ಟುಕೊಳ್ಳಿ. ಸಾಲದ ಷರತ್ತನ್ನು ಮಾತ್ರ, ಯಾರು ಏನೇ ಹೇಳಲಿ, ಬಿಡಬೇಡಿ ಅಂತಲೇ ನನ್ನ ಮಾತು. ಅದಿಲ್ಲದೆ ಬ್ಯಾಂಕ್ ಕೈಕೊಟ್ಟರೆ ಸಾಮಾನ್ಯ ಒಪ್ಪಂದದಲ್ಲಿ ಬೆಲೆಯ ಶೇ 10 ದಂಡ. ನಾಲ್ಕು ಲಕ್ಷದ ಮನೆಗೆ 40,000 ಯೂರೋ. ನಿಮ್ಮಂಥ ಇಬ್ಬರು ದುಡಿಯುವವರು ಅಷ್ಟು ಉಳಿಸಲು ಎಷ್ಟು ವರ್ಷ ಬೇಕು ಯೋಚಿಸಿ.

ಹಣದ ಲೆಕ್ಕ ಒಂದು ಉದಾಹರಣೆಯಲ್ಲಿ ಹೇಳುತ್ತೇನೆ. ಕೇಳಿದ ಬೆಲೆ 3,75,000, ನೀವು ಕೂಗಿದ್ದು 4,05,000, ಮೌಲ್ಯಮಾಪಕರು ಹಾಕಿದ ಬೆಲೆ 3,90,000 ಯೂರೋ ಅನ್ನಿ. ಬ್ಯಾಂಕ್ ಕೊಡುವುದು ಜಾಸ್ತಿ ಅಂದರೆ 3,90,000. ಉಳಿದ 15,000 ನಿಮ್ಮ ಉಳಿತಾಯದಿಂದ. ಅದರ ಮೇಲೆ ನೋಟರಿ, ಮೌಲ್ಯಮಾಪನ, ಸಾಲದ ಸಲಹೆಗಾರರ ಫೀಸು. ಮನೆಯ ಬೆಲೆ 2025ರ ಮಿತಿಯಾದ 4,50,000ದೊಳಗೆ ಇರುವುದರಿಂದ ಎನ್‌ಎಚ್‌ಜಿ ಅನ್ನುವ ರಾಷ್ಟ್ರೀಯ ಗೃಹಸಾಲ ಖಾತ್ರಿ ತೆಗೆದುಕೊಳ್ಳಿ. ಸಾಲದ ಶೇ 0.4 ಒಂದೇ ಸಲ ಕಟ್ಟುತ್ತೀರಿ, ಅಂದರೆ 1,560 ಯೂರೋ. ಬಡ್ಡಿಯೂ ಸಾಮಾನ್ಯವಾಗಿ ಇಳಿಯುತ್ತದೆ. ವರ್ಗಾವಣೆ ತೆರಿಗೆ ಶೇ 2. 35 ತುಂಬದವರಿಗೆ, ಮನೆಯ ಬೆಲೆ 2025ರ ಮಿತಿಯಾದ 5,25,000 ಮೀರದಿದ್ದರೆ, ಜೀವನದಲ್ಲಿ ಒಂದು ಸಲ ಅದರಿಂದ ವಿನಾಯಿತಿ. ಜಂಟಿಯಾಗಿ ಕೊಂಡರೆ ವಿನಾಯಿತಿ ಪಾಲಿನ ಪ್ರಕಾರ: ನಿಮ್ಮ ಅರ್ಧಕ್ಕೆ ತೆರಿಗೆಯಿಲ್ಲ, ಯಜಮಾನರ ಅರ್ಧಕ್ಕೆ 4,050 ಯೂರೋ. ಆದರೆ ವಯಸ್ಸನ್ನು ಲೆಕ್ಕ ಹಾಕುವುದು ನೋಟರಿಯ ಮುಂದೆ ಹಸ್ತಾಂತರ ಆಗುವ ದಿನಕ್ಕೆ. ಒಪ್ಪಂದ ಸೆಪ್ಟೆಂಬರ್‌ನಲ್ಲಾಗಿ ಹಸ್ತಾಂತರ ಡಿಸೆಂಬರ್‌ಗೆ ಹೋದರೆ 8,100 ಕಟ್ಟಬೇಕು. ಮಾರುವವರ ಹತ್ತಿರ ದಿನಾಂಕದ ಮಾತು ಮೊದಲೇ ಆಡಿ. ಅಲ್ಲಿ ಓದುವ ಪತ್ರ ಡಚ್ಚಿನಲ್ಲಿರುತ್ತದೆ. ನಿಮ್ಮ ಡಚ್ ಸಾಲದು ಅನಿಸಿದರೆ ಪ್ರಮಾಣಿತ ಅನುವಾದಕರನ್ನು ಕರೆಸಬೇಕಾಗುತ್ತದೆ, ಆ ಖರ್ಚೂ ಲೆಕ್ಕದಲ್ಲಿರಲಿ.

ಏರಿಯಾ ಸರಿಯಿಲ್ಲ ಅನ್ನುವವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಅವರಲ್ಲಿ ಎಷ್ಟು ಜನ ಅಲ್ಲಿನ ಅಂಗಡಿ ಬೀದಿ ಜ್ವಾರ್ಟ್ ಯಾನ್‌ಸ್ಟ್ರಾಟ್‌ನಲ್ಲಿ ಶನಿವಾರ ಬೆಳಿಗ್ಗೆ ನಡೆದಿದ್ದಾರೆ? ಟರ್ಕಿ, ಮೊರಾಕ್ಕೋ ಮೂಲದವರ ಅಂಗಡಿಗಳಲ್ಲಿ ಬದನೆ, ಕಂತೆ ಕಂತೆ ಕೊತ್ತಂಬರಿ ಕೈಗೆ ಸಿಗುತ್ತದೆ. ನೀವೇ ಹೋಗಿ ನೋಡಿ: ಒಮ್ಮೆ ಕೆಲಸದ ದಿನ ಬೆಳಿಗ್ಗೆ, ಒಮ್ಮೆ ಶುಕ್ರವಾರ ರಾತ್ರಿ 11ಕ್ಕೆ. ಮಹಡಿಗಳ ನಡುವೆ ಇರುವುದು ಮರದ ನೆಲ. ಮೇಲಿನವರ ಹೆಜ್ಜೆ ನಿಮಗೆ ಕೇಳುತ್ತದೆ, ನಿಮ್ಮ ಮಿಕ್ಸಿ ಕೆಳಗಿನವರಿಗೆ ಕೇಳುತ್ತದೆ. ಕೊಳ್ಳುವ ಮೊದಲೇ ಅವರ ಬೆಲ್ ಒತ್ತಿ ಮಾತಾಡಿ. ಇಲ್ಲಿನ ಜನ ನೇರವಾಗಿ ಹೇಳುತ್ತಾರೆ, ಅದು ನಮಗೆ ಅನುಕೂಲ.

ಮಾವನವರ ಮಾತನ್ನು ತಳ್ಳಿಹಾಕುವುದಿಲ್ಲ. ಎರಡು ಮೂರು ವರ್ಷದಲ್ಲಿ ಊರಿಗೆ ಮರಳುವ ಯೋಚನೆ ಇದ್ದರೆ ಈ ಮನೆ ಬೇಡ. ಕೊಂಡು ಬಾಡಿಗೆಗೆ ಕೊಡಬಹುದಲ್ಲ ಅನ್ನುವುದು ಇಲ್ಲಿ ನಡೆಯುವುದು ಕಷ್ಟ. ಸಾಲ ಕೊಟ್ಟ ಬ್ಯಾಂಕಿನ ಒಪ್ಪಿಗೆ ಬೇಕು. 2022ರಿಂದ ರೋಟರ್‌ಡ್ಯಾಮ್‌ನ ಕೆಲವು ಬಡಾವಣೆಗಳಲ್ಲಿ ಬಾಡಿಗೆಗಾಗಿ ಮನೆ ಕೊಳ್ಳುವುದಕ್ಕೇ ತಡೆ ಇದೆ. ನಿಮ್ಮ ಬೀದಿ ಆ ಪಟ್ಟಿಯಲ್ಲಿದೆಯಾ ನೋಡಿಕೊಳ್ಳಿ. ಇಲ್ಲೇ ಇರುವ ಮನಸ್ಸಿದ್ದರೆ ಕೊಳ್ಳಿ ಅಂತ ಧೈರ್ಯವಾಗಿ ಹೇಳುತ್ತೇನೆ.

ಅಮ್ಮನ ವಿಷಯ ಒಂದೇ ಸಾಲಿನಲ್ಲಿ ಬರೆದಿದ್ದೀರಿ, ನನಗೆ ಅದೇ ಮನಸ್ಸಿನಲ್ಲಿ ಉಳಿಯಿತು. ಸಂದರ್ಶಕರ ವೀಸಾದಲ್ಲಿ ಒಮ್ಮೆಗೆ 90 ದಿನವಷ್ಟೇ ಇರಬಹುದು. ಆ 90 ದಿನ ಅವರು ಮೂರನೇ ಮಹಡಿ ಹತ್ತಿ ಇಳಿಯಬೇಕು. ಈ ಹಳೆ ಮನೆಗಳ ಮೆಟ್ಟಿಲು ಅಟ್ಟದ ಏಣಿಯ ಹಾಗೆ ಕಡಿದಾಗಿದ್ದು, ಪಾದ ಪೂರ್ತಿ ಊರಲು ಜಾಗವಿರುವುದಿಲ್ಲ. ಕೆಲವು ಕಡೆ ಗೋಡೆಯ ಪಕ್ಕ ಉದ್ದಕ್ಕೂ ಒಂದು ಹಗ್ಗ ಇರುತ್ತದೆ. ಮೇಲಿನಿಂದ ಅದನ್ನು ಎಳೆದರೆ ಕೆಳಗಿನ ಬೀದಿ ಬಾಗಿಲು ತೆರೆದುಕೊಳ್ಳುತ್ತದೆ. ಹಿಡಿದು ಹತ್ತುವುದಕ್ಕೆ ಇಟ್ಟ ಹಗ್ಗ ಅಂತ ಅಮ್ಮ ಅಂದುಕೊಂಡರೆ ಅಪಾಯ, ಮೊದಲೇ ಹೇಳಿಡಿ. ಮುಂದಿನ ಮನೆ ನೋಡಲು ಹೋಗುವಾಗ ಹತ್ತು ಕಿಲೋ ಅಕ್ಕಿ ಚೀಲ ಹೊತ್ತು ಒಮ್ಮೆ ಹತ್ತಿ ಇಳಿದು ನೋಡಿ. ಎರಡೂ ಕಡೆ ಹಿಡಿದುಕೊಳ್ಳುವ ಗಟ್ಟಿ ಕಂಬಿ ಹಾಕಿಸಲು ಗೋಡೆಯಲ್ಲಿ ಜಾಗ ಇದೆಯಾ, ಅದನ್ನೂ ಅಳತೆ ಮಾಡಿಕೊಂಡು ಬನ್ನಿ.